ಅಪ್ಪ ಹೇಳಿಕೊಡದ ನಿಯಮ

"ನಿಮಗೇನು ಸಮಸ್ಯೆ ಇದೆ?" ಎಂದು ಊರೂರು ಸುತ್ತಿ ಕೇಳುವುದು ಒಂದು ಕಾಲಕ್ಕೆ ನನ್ನ ಕೆಲಸವಾಗಿತ್ತು. ಅದಕ್ಕೆ ಸಂಬಳ ಬೇರೆ ಕೊಡುತ್ತಿದ್ದರು. ನಮ್ಮ ಸೀಮೆಯಲ್ಲಿ ಗುರುತು ಪರಿಚಯವಿಲ್ಲದ ಹೆಣ್ಣುಮಗಳೊಬ್ಬಳು ಅಂಗಡಿ ಮೆಟ್ಟಿಲು ಹತ್ತಿ ಯಜಮಾನರನ್ನು ಹೀಗೆ ಕೇಳಿದರೆ ಏನಾಗುತ್ತದೆಂದು ಯಾರಾದರೂ ಮೊದಲೇ ಹೇಳಬಹುದಿತ್ತು. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವರೊಬ್ಬರು ಕನ್ನಡಕ ಹಣೆಗೇರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಗೇನವ್ವಾ ಸಮಸ್ಯೆ? ದ್ಯಾವ್ರು ಚೆನ್ನಾಗೇ ಮಡಗವ್ನೆ. ನಿಂಗೇನಾರ ತೊಂದ್ರೆ ಐತಾ?" ಎಂದು ಕೇಳಿ, ಕುಡಿಯಲು ಎಳನೀರು ಕೊಟ್ಟು ಕಳಿಸಿದರು. ನಾನು ಅದನ್ನು ಕುಡಿದು, ಸಿಟ್ಟು ನುಂಗಿಕೊಂಡು ಹಾಸನದ ಬಸ್ಸು ಹತ್ತಿದೆ.

ಇದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು. ಕಂಪ್ಯೂಟರ್ ಓದು ಮುಗಿಸಿದ್ದ ನಾನು ಹಾಸನದಲ್ಲಿ ಒಂದು ಮಹಡಿಯ ಮೇಲಿನ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಅದರ ಮಾಲೀಕರು ದಂಡಿಗನಹಳ್ಳಿ ಕಡೆಯ ಒಕ್ಕಲು ಮನೆತನದವರು. ಪಂಪ್‌ಸೆಟ್ ಮಾರಿ, ಟ್ರ್ಯಾಕ್ಟರ್ ಬಿಡಿಭಾಗ ಮಾರಿ, ಕೊನೆಗೆ ಕಂಪ್ಯೂಟರಿಗೆ ಬಂದವರು. ಒಳ್ಳೆಯ ಮನುಷ್ಯ, ಆದರೆ ಒಂದು ಕಡೆ ನಿಲ್ಲುವ ಕುಳವಲ್ಲ. ಒಂದು ದಿನ ಪೇಪರಿನಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಓದಿಕೊಂಡು ಬಂದು, ಕಾಲೇಜಿನ ಕೊನೆಯ ವರ್ಷ ನಾನು ಅದರಲ್ಲೇ ಏನೋ ಮಾಡಿದ್ದೆನೆಂದು ಗೊತ್ತಾದದ್ದೇ ತಡ, ಕುರ್ಚಿ ಎಳೆದುಕೊಂಡು ಕೂತರು.

"ಮೇಡಮ್, ಈ ಬುದ್ಧಿ ಇರೋ ಕಂಪ್ಯೂಟ್ರು ನಮ್ಮಲ್ಲೂ ಮಾಡ್ಬೋದಾ?"

"ಮಾಡಬಹುದು ಸರ್. ಆದರೆ ಯಾವ ಸಮಸ್ಯೆಗೆ ಅಂತ ಮೊದಲು ಗೊತ್ತಾಗಬೇಕು."

"ಸಮಸ್ಯೆ ಬುಡಿ, ಅದ್ಕೇನು ಬರವಾ? ಉಡುಕ್ಬುಟ್ರಾಯ್ತು."

ನಾನು ಕಲಿತದ್ದು ಸರಳವಾದ ವಿದ್ಯೆ. ಒಂದು ಕೆಲಸದಲ್ಲಿ ಪಳಗಿದವರ ಮುಂದೆ ಕೂತು, ಅವರ ತಲೆಯಲ್ಲಿ ಇರುವುದನ್ನೆಲ್ಲ "ಹೀಗಿದ್ದರೆ ಹೀಗೆ, ಹಾಗಿದ್ದರೆ ಹಾಗೆ" ಎಂಬ ನಿಯಮಗಳಾಗಿ ಬಿಡಿಸಿ ಕಂಪ್ಯೂಟರಿಗೆ ಕೊಡುವುದು. ಆಮೇಲೆ ಆ ಪರಿಣತರು ಎದುರಿಗಿಲ್ಲದಿದ್ದರೂ ಯಂತ್ರವೇ ಅವರ ಹಾಗೆ ಉತ್ತರ ಹೇಳಬೇಕು. ಇದಕ್ಕೆ ಸರಿಯಾದ ಸಮಸ್ಯೆ ಆರಿಸಿಕೊಳ್ಳುವುದೇ ಅರ್ಧ ಕೆಲಸ ಎಂದು ನಮ್ಮ ಮೇಷ್ಟ್ರು ತರಗತಿಯಲ್ಲಿ ಹೇಳಿದ್ದರು. ಆ ಅರ್ಧವನ್ನು ಹೇಗೆ ಮಾಡಬೇಕೆಂದು ಮಾತ್ರ ಅವರೂ ಹೇಳಿರಲಿಲ್ಲ.

ಹುಡುಕಿದ್ದೇ ಹುಡುಕಿದ್ದು. ಅರಕಲಗೂಡು ಕಡೆಯ ಆಲೂಗೆಡ್ಡೆ ಬೆಳೆಗಾರರೊಬ್ಬರಿಗೆ, ಬೆಳೆಗೆ ಅಂಗಮಾರಿ ರೋಗ ಯಾವಾಗ ಬೀಳುತ್ತದೆಂದು ಕಂಪ್ಯೂಟರ್ ಮೊದಲೇ ಹೇಳಿದರೆ ಹೇಗೆ ಎಂದೆ. "ಮ್ವಾಡ ಮುಚ್ಕಂಡು ಜಡಿ ಹಿಡುದ್ರೆ ಬೀಳ್ತದೆ. ಅದು ನನ್ ಮೊಮ್ಮಗೀಗೂ ಗೊತ್ತು. ಔಷ್ದಿ ಹೊಡೀಬೇಕು ಅಂದ್ರೆ ಮಳೆ ನಿಲ್ಬೇಕಲ್ಲ, ಅದ್ನ ನಿಲ್ಲುಸ್ತದಾ ನಿಮ್ಮ ಮಿಷಿನ್ನು?" ಎಂದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಹಳ್ಳಿಮೈಸೂರಿನ ಅಕ್ಕಿ ಗಿರಣಿಯವರು ಮಾತ್ರ ಸಮಸ್ಯೆ ಇದೆ ಎಂದು ಒಪ್ಪಿಕೊಂಡು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು. ತಮ್ಮ ಗಂಡುಮಕ್ಕಳಿಬ್ಬರಲ್ಲಿ ಗಿರಣಿ ನಡೆಸಲು ಯಾರು ಲಾಯಕ್ಕು ಎಂಬುದನ್ನು ಯಂತ್ರದಿಂದ ಹೇಳಿಸಬೇಕಂತೆ. "ನಾನ್ ಏಳುದ್ರೆ ಮನೆ ಒಡ್ದೋಯ್ತದೆ ಕಣವ್ವಾ. ಅದು ಏಳುದ್ರೆ ಯಾರೂ ಏನೂ ಅನ್ನಂಗಿಲ್ಲ." ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇದು ಕಂಪ್ಯೂಟರಿನ ಕೆಲಸವಲ್ಲ ಸ್ವಾಮಿ ಎಂದು ಕೈ ಮುಗಿದು ಬಂದೆ.

ಇತ್ತ ಹೊಳೆನರಸೀಪುರದ ನಮ್ಮ ಮನೆಯಲ್ಲಿ ಬೇರೆಯದೇ ರಾಮಾಯಣ. ಅಕ್ಕನಿಗೆ ಮದುವೆ ಆಗಿರಲಿಲ್ಲ. ನನಗಿಂತ ಸಾಕಷ್ಟು ದೊಡ್ಡವಳು, ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಮೇಡಮ್ಮು, ನೋಡಲು ಲಕ್ಷಣವಾಗಿದ್ದಳು. ವರ ಬರುತ್ತಿರಲಿಲ್ಲವೆಂದಲ್ಲ. ಬಂದ ಜಾತಕಗಳೆಲ್ಲ ಅಪ್ಪನ ಕೈ ಸೇರುತ್ತಿದ್ದವು. ಅಪ್ಪ ಪೌರೋಹಿತ್ಯದವರು, ಜಾತಕ ಕೂಡಿಸುವುದರಲ್ಲಿ ಅವರ ಮಾತೆಂದರೆ ಮುಗಿಯಿತು, ಹಾಸನದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಅಂಥವರು ಅಕ್ಕನಿಗೆ ಬಂದ ಜಾತಕವನ್ನು ಮಾತ್ರ ಒಂದೆರಡು ದಿನ ದೇವರ ಮುಂದೆ ಇಟ್ಟು, ಆಮೇಲೆ ವಾಪಸು ಕೊಡುತ್ತಾ, "ಕೂಡಿಬರಲಿಲ್ಲ" ಎನ್ನುತ್ತಿದ್ದರು. ಅಷ್ಟೇ. ಕಾರಣ ಕೇಳಿದರೆ ಶಲ್ಯ ಹೊದ್ದು ಹೊಳೆ ಕಡೆ ಹೊರಟುಬಿಡುತ್ತಿದ್ದರು.

ಅಮ್ಮನಿಗೆ ಸಹಿಸಿ ಸಹಿಸಿ ಸಾಕಾಗಿತ್ತು. "ಊರವರ ಮಕ್ಕಳಿಗೆಲ್ಲ ಕೂಡಿಸ್ತಾರೆ, ತಮ್ಮ ಮಗಳದ್ದು ಅಂದ್ರೆ ಗ್ರಹಗಳೆಲ್ಲ ಜಗಳಕ್ಕೆ ನಿಲ್ತಾವೆ. ಏನು ಪಾಪ ಮಾಡಿ ಹುಟ್ಟಿದ ಜಾತಕವೋ ಇದು" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ವರ್ಷವಂತೂ, ಈ ಸಲ ಅಕ್ಕನ ಮದುವೆ ಆಗದಿದ್ದರೆ ತಾನು ತವರಿಗೆ ಹೋಗಿ ಕೂರುತ್ತೇನೆ ಎಂದು ಅಡುಗೆಮನೆಯಿಂದಲೇ ಘೋಷಿಸಿದಳು. ಅಕ್ಕ ತನ್ನ ಪಾಡಿಗೆ ಹುಡುಗಿಯರ ಲೆಕ್ಕದ ಪುಸ್ತಕ ತಿದ್ದುತ್ತಿದ್ದಳು. ಅವಳನ್ನು ನೋಡಿದಾಗಲೆಲ್ಲ ನನಗೆ, ಇಂಥ ಹುಡುಗಿಯ ಬಾಳು ಯಾವುದೋ ನಕ್ಷತ್ರದ ದೆಸೆಯಿಂದ ಹೀಗೆ ನಿಂತುಹೋಯಿತಲ್ಲ ಎಂದು ಅಪ್ಪನ ಮೇಲೆ, ಆಕಾಶದ ಮೇಲೆ, ಎಲ್ಲದರ ಮೇಲೂ ಕೋಪ ಬರುತ್ತಿತ್ತು.

ಒಂದು ಬೆಳಿಗ್ಗೆ ಹಾಸನದ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿರುವಾಗ ತಟ್ಟನೆ ಹೊಳೆಯಿತು. ಜಾತಕ ಕೂಡಿಸುವುದೆಂದರೆ ಪೂರ್ತಿ ನಿಯಮಗಳೇ ಅಲ್ಲವೇ? ಆ ನಕ್ಷತ್ರಕ್ಕೆ ಈ ನಕ್ಷತ್ರ ಆಗುತ್ತದೆ, ಈ ಗಣಕ್ಕೆ ಆ ಗಣ ಆಗುವುದಿಲ್ಲ, ಕುಜದೋಷವಿದ್ದರೆ ಹೀಗೆ. ಪರಿಣತರು ನಮ್ಮ ಮನೆಯಲ್ಲೇ ಇದ್ದಾರೆ. ಗಿರಾಕಿಗಳು ಸುತ್ತಲಿನ ತಾಲ್ಲೂಕುಗಳಲ್ಲೆಲ್ಲ ಇದ್ದಾರೆ. ಜೊತೆಗೆ ಯಂತ್ರ ತಯಾರಾದರೆ ಎಲ್ಲೆಲ್ಲಿಯ ಜಾತಕಗಳನ್ನೂ ಹಾಕಿ ನೋಡಿ, ಅಕ್ಕನ ಜಾತಕಕ್ಕೆ ಕೂಡುವ ಒಬ್ಬನನ್ನು ಹುಡುಕಿಯೇ ತೀರುತ್ತೇನೆ ಎಂದುಕೊಂಡೆ. ಮಾಲೀಕರಿಗೆ ಹೇಳಿದರೆ ಅವರು ಹಣೆ ಚಚ್ಚಿಕೊಂಡು ನಕ್ಕರು. "ಮನೇಲೇ ಎಕ್ಸ್‌ಪರ್ಟ್ ಮಡಿಕ್ಕಂಡು ಊರೆಲ್ಲಾ ಅಲುದ್ರಲ್ಲಾ ಮೇಡಮ್! ಮದ್ವೆ ಆಗ್ದೆ ಇರೋ ಜನ ಎಲ್ಲವ್ರೆ ಏಳಿ? ಇದೇ ಕಣ್ರೀ ಸಮಸ್ಯೆ ಅಂದ್ರೆ!"

ಅಪ್ಪ ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಆದರೆ ಅವರಿಗೆ ಖುಷಿಯೇ ಆಯಿತು. ಗಂಡುಮಕ್ಕಳಿಲ್ಲದ ಮನೆ, ತಮ್ಮ ವಿದ್ಯೆ ತಮ್ಮಲ್ಲೇ ಮುಗಿಯುತ್ತದೆಂದು ಒಳಗೊಳಗೇ ಕೊರಗುತ್ತಿದ್ದರೋ ಏನೋ. ಭಾನುವಾರ ಊಟವಾದ ಮೇಲೆ ಪಡಸಾಲೆಯಲ್ಲಿ ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಕೂರುವರು, ನಾನು ಎದುರಿಗೆ ಕೂರುವೆ. ನಿಯಮ ಹೇಳುವರು, ನಿಯಮಕ್ಕೆ ಅಪವಾದ ಹೇಳುವರು, ಆ ಅಪವಾದ ಯಾವಾಗ ನಡೆಯುವುದಿಲ್ಲ ಎಂಬುದನ್ನೂ ಹೇಳುವರು. ನನ್ನ ತಲೆ ಗಿರ್ರೆನ್ನುತ್ತಿತ್ತು. "ಏಕನಾಡಿ ಅಂದ್ರೆ ದೋಷವೇ. ಆದ್ರೆ ಎಲ್ಲ ಕಡೆ ಅಲ್ಲ. ಬರ್ಕೋ, ಬರ್ಕೋ, ಎಲ್ಲಿ ಅಲ್ಲ ಅಂತ ಹೇಳ್ತೀನಿ" ಎನ್ನುವಾಗ ಅವರ ಮುಖ ಬೆಳಗುತ್ತಿತ್ತು. ಅವರು ನನಗೆ ಅಷ್ಟು ಹೊತ್ತು ಒಟ್ಟಿಗೆ ಏನನ್ನಾದರೂ ಹೇಳಿಕೊಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು. ಅಕ್ಕ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡು, ನಕ್ಕು, ಹೋಗುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಪ್ರೋಗ್ರಾಮ್ ತಯಾರಾಯಿತು. ಹುಡುಗ ಹುಡುಗಿಯರ ವಿವರ ಕೊಟ್ಟರೆ ಕಿರ್‍ರೋ ಎಂದು ಪ್ರಿಂಟರ್ ಸದ್ದು ಮಾಡಿ, ಕೂಡುತ್ತದೋ ಇಲ್ಲವೋ, ಯಾಕೆ ಎಂದು ಕನ್ನಡದಲ್ಲಿ ಅಚ್ಚು ಹಾಕುತ್ತಿತ್ತು. ಅಪ್ಪನಿಗೆ ಬರುತ್ತಿದ್ದ ಬೇರೆಯವರ ಜಾತಕಗಳನ್ನು ಹಾಕಿ ನೋಡಿದೆ. ಅಪ್ಪ ಏನು ಹೇಳಿದ್ದರೋ ಅದೇ ಬಂತು. ಒಂದೂ ತಪ್ಪಲಿಲ್ಲ. ನನಗೆ ರೆಕ್ಕೆ ಬಂದಂತಾಯಿತು. ಆಮೇಲೆ, ಅಕ್ಕನಿಗೆ ಹಿಂದೆ ಬಂದು ವಾಪಸಾದ ವರಗಳ ವಿವರವನ್ನು ಅಮ್ಮನಿಂದ ಕೇಳಿ ತಿಳಿದುಕೊಂಡು ಹಾಕಿದೆ. ಅವಳಿಗೆ ಅವರೆಲ್ಲರ ನಕ್ಷತ್ರ ಪಾದಗಳೂ ಬಾಯಿಪಾಠವಾಗಿದ್ದವು, ಪಾಪ.

ಕೂಡುತ್ತದೆ ಎಂದು ಬಂತು. ಮತ್ತೊಬ್ಬನದು ಹಾಕಿದೆ, ಕೂಡುತ್ತದೆ. ಇನ್ನೊಬ್ಬನದು ಕೂಡುವುದಿಲ್ಲ, ಸರಿ. ಅವನ ಮುಂದಿನವನದು ಬಹಳ ಚೆನ್ನಾಗಿ ಕೂಡುತ್ತದೆ.

ಅಪ್ಪ ಕೂಡುವುದಿಲ್ಲ ಎಂದದ್ದನ್ನು ಅಪ್ಪನದೇ ನಿಯಮಗಳು ಕೂಡುತ್ತದೆ ಎನ್ನುತ್ತಿವೆ. ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದೇ ಅಂದುಕೊಂಡೆ, ಬೇರೇನು ಅಂದುಕೊಳ್ಳಲಿ? ವಾರಗಟ್ಟಲೆ ಒಂದೊಂದು ಸಾಲನ್ನೂ ತಿರುವಿ ನೋಡಿದೆ. ಊರವರ ಜಾತಕಕ್ಕೆ ಸರಿಯಾಗಿ ಹೇಳುವ ಯಂತ್ರ ನಮ್ಮ ಅಕ್ಕನ ಜಾತಕ ಕಂಡರೆ ಮಾತ್ರ ತಪ್ಪುತ್ತದೆ ಎಂದರೆ ಏನರ್ಥ? ಅಪ್ಪ ಯಾವುದೋ ಒಂದು ನಿಯಮ ಹೇಳುವುದನ್ನು ಮರೆತಿದ್ದಾರೆ, ಆ ನಿಯಮ ಅಕ್ಕನ ನಕ್ಷತ್ರಕ್ಕೇ ತಾಗುವಂಥದ್ದು ಎಂದು ತೀರ್ಮಾನಿಸಿ ಒಂದು ಸಂಜೆ ಅವರನ್ನೇ ಕೇಳಿದೆ.

"ಅಪ್ಪಾ, ಇನ್ನೂ ಯಾವುದೋ ನಿಯಮ ಇರಬೇಕು. ನೀವು ನನಗೆ ಹೇಳಿಲ್ಲ."

ಅಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಎಲ್ಲಾ ಹೇಳಿದ್ದೀನಲ್ಲಮ್ಮ."

"ಹಾಗಾದರೆ ಅಕ್ಕನಿಗೆ ಬಂದದ್ದು ಯಾಕೆ ಕೂಡಲಿಲ್ಲ?"

"ಕೆಲವು ಅನುಭವದ ಮೇಲೆ ಗೊತ್ತಾಗತ್ತೆ. ಅದನ್ನೆಲ್ಲ ಮಿಷಿನ್ನಿಗೆ ಹೇಳಕ್ಕಾಗಲ್ಲ ಬಿಡು" ಎಂದು ಎದ್ದರು. ನನಗೆ ರೇಗಿಹೋಯಿತು. ಅನುಭವ ಎಂದರೇನು, ಅದೂ ನಿಯಮವೇ, ಬಿಡಿಸಿ ಹೇಳಬೇಕಷ್ಟೆ ಎಂದು ಅವರ ಬೆನ್ನಿಗೆ ಕೂಗಿದೆ. ಅವರು ಶಲ್ಯ ಹೊದ್ದು ಹೊಳೆ ಕಡೆ ಹೊರಟೇಬಿಟ್ಟರು.

ಅಷ್ಟರಲ್ಲಿ ಮಾಲೀಕರು ತಡೆಯಲಾರದೆ ಚನ್ನರಾಯಪಟ್ಟಣದಲ್ಲಿ ಒಂದು ಮಳಿಗೆ ಹಿಡಿದು ಕಂಪ್ಯೂಟರ್ ಜಾತಕದ ಬೋರ್ಡು ಹಾಕಿಸಿಬಿಟ್ಟಿದ್ದರು. ವಾರದಲ್ಲಿ ಕೆಲವು ದಿನ ನಾನು ಅಲ್ಲಿಗೆ ಹೋಗಿ ಕೂರಬೇಕಿತ್ತು. ಜನ ಬಂದರು. ಮೊದಲ ದಿನಗಳಲ್ಲಿ ಹಾಳೆಯನ್ನು ಕಣ್ಣಿಗೊತ್ತಿಕೊಂಡು ಹೋಗುವವರೂ ಇದ್ದರು. ಆಮೇಲೆ ಜಗಳ ಶುರುವಾಯಿತು. ಒಬ್ಬ ಗೌಡರು ಹಾಳೆ ಬೀಸುತ್ತಾ ಬಂದರು. "ಕೂಡಲ್ಲ ಅಂತ ಏಳ್ಕಳ್ಸಿದ್ರು ಗಂಡಿನ್ ಕಡೇರು. ಕೂಡ್ತದೆ ಅಂತ ನಿನ್ ಮಿಷಿನ್ ಏಳ್ತಾ ಐತೆ. ಅಂಗಾರೆ ನನ್ ಮಗಳಲ್ಲಿ ಏನ್ ಐಬು ಕಂಡ್ರು ಅವ್ರು? ಕೇಳೇಬುಡ್ತೀನಿ ಇವತ್ತು" ಎಂದು ಹೊರಟರು. ಅವರ ಹಿಂದೆ ಬಂದಿದ್ದ ಮಗಳು ಬೋರ್ಡು ಕಂಬದ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಇನ್ನೊಬ್ಬ ಹಿರಿಯರು ಹಾಳೆ ಓದಿಸಿಕೊಂಡು ಕೇಳಿ ಪೆಚ್ಚಾದರು. "ಕೂಡ್ತದಾ? ಅಯ್ಯೋ, ಕೂಡಲ್ಲ ಅಂತ ಬರ್ಕೊಡು ತಾಯಿ."

"ಯಾಕೆ ಸ್ವಾಮಿ? ಚೆನ್ನಾಗಿ ಕೂಡಿದೆಯಲ್ಲ."

"ಹುಡ್ಗ ಕುಡೀತಾನೆ ಅಂತ ಗೊತ್ತಾಯ್ತು. ಅಂಗಂತ ಅವ್ರ ಮಕದ್ ಮೇಲೆ ಅನ್ನಕಾಯ್ತದಾ? ನಮ್ಮಕ್ಕನ ಮನೆ ಕಡೆ ನೆಂಟ್ರು. ಜಾತ್ಕ ಕೂಡ್ಲಿಲ್ಲ ಅಂದ್ರೆ ಅವ್ರೂ ಬ್ಯಾಸ್ರ ಮಾಡ್ಕಳಲ್ಲ, ನಾವೂ ನಾಳೆ ಒಂದು ಪಂಕ್ತೀಲಿ ಕೂತು ಉಣ್ಬೋದು. ನೀನು ಇಂಗೆ ಬರ್ಕೊಟ್ರೆ ನಾನ್ ಎಲ್ಲಿಗ್ ಓಗ್ಲಿ?"

ಸುಳ್ಳು ಬರೆದುಕೊಡಲು ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಅವರು ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ನನ್ನನ್ನು ಒಂಥರಾ ಮರುಕದಿಂದ ನೋಡಿ ಇಳಿದುಹೋದರು. ಮಾಲೀಕರು ತಲೆ ಕೆರೆದುಕೊಂಡು, "ಏನ್ ಮೇಡಮ್ ಈ ಜನ? ಕೂಡ್ಬೇಕು ಅಂತ ಬತ್ತಾರಾ, ಕೂಡ್ಬಾರ್ದು ಅಂತ ಬತ್ತಾರಾ? ಎರಡು ಬಟನ್ ಮಡಗ್ಬುಡಿ ಅತ್ಲಾಗೆ, ಯಾರ್ಗೆ ಯಾವ್ದು ಬೇಕೋ ಅದು" ಎಂದರು. ನಾನು ಅವರ ಮೇಲೂ ಹರಿಹಾಯ್ದೆ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಅದೇ ಪ್ರಶ್ನೆ ನನ್ನನ್ನೂ ಕೊರೆಯಿತು. ಜಾತಕ ಕೂಡಿಸುವುದೇ ಇವರ ಸಮಸ್ಯೆ ಎಂದು ನಾನು ನಂಬಿದ್ದೆ. ಇವರಿಗೆ ಬೇಕಾದದ್ದು, ಮನಸ್ಸು ಮುರಿಯದ ಹಾಗೆ ಬೇಡ ಎನ್ನಲು ಒಂದು ದಾರಿ. ಅದು ಇವರ ಕೈಯಲ್ಲಿ ಮೊದಲೇ ಇತ್ತು. ಹಾಗಾದರೆ ನಾನು ಏನನ್ನು ಮಾರುತ್ತಿದ್ದೇನೆ? ಯೋಚಿಸಿದಷ್ಟೂ ಗೋಜಲಾಯಿತು. ಇಷ್ಟೆಲ್ಲ ಯೋಚಿಸಿದರೂ ನಮ್ಮ ಮನೆಯ ಕಡೆಗೆ ಮಾತ್ರ ನನ್ನ ಬುದ್ಧಿ ಹೊರಳಲೇ ಇಲ್ಲ, ನೋಡಿ.

ಆ ಹೊತ್ತಿಗೇ ಅರಕಲಗೂಡಿನಿಂದ ಒಂದು ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುವವನು, ಮನೆಯವರು ಸಂಭಾವಿತರು. ಅಮ್ಮ ಈ ಸಲ ಜಾತಕವನ್ನು ಅಪ್ಪನ ಕೈಗೆ ಕೊಡಲೇ ಇಲ್ಲ. ಸೀದಾ ನನ್ನ ಕೈಗೆ ಕೊಟ್ಟಳು. ಯಂತ್ರ ಬಹಳ ಚೆನ್ನಾಗಿ ಕೂಡುತ್ತದೆ ಎಂದಿತು. ಅಮ್ಮ ಆ ಹಾಳೆಯನ್ನು ಅಪ್ಪನ ಮುಂದೆ ಹಿಡಿದಳು. "ನಿಮ್ಮದೇ ಲೆಕ್ಕಾಚಾರ ಕಣ್ರೀ ಇದು. ಈಗೇನು ಹೇಳ್ತೀರಾ ಹೇಳಿ."

ಅಪ್ಪ, "ಒಂದು ಸಲ ನಾನೂ ನೋಡ್ತೀನಿ, ಎರಡು ದಿನ ಕೊಡು" ಎಂದರು.

"ನೀವು ನೋಡಿದ್ದು ಸಾಕು. ನೋಡಿ ನೋಡಿಯೇ ಅವಳನ್ನ ಮನೇಲಿ ಕೂರಿಸಿರೋದು. ನಾನು ಆಗಲೇ ಅವರಿಗೆ ಹೇಳಿ ಕಳಿಸಿದೀನಿ."

ಅಪ್ಪ ಅಕ್ಕನ ಕಡೆ ನೋಡಿದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಹೆಮ್ಮೆಯಿಂದ ನಕ್ಕೆ. ಅಂದಿನಿಂದ ಅಕ್ಕ ಮಾತು ಕಡಿಮೆ ಮಾಡಿದಳು, ನನ್ನ ಜೊತೆಯಂತೂ ಬಿಟ್ಟೇಬಿಟ್ಟಳು. ನಾಚಿಕೆ ಇರಬೇಕು ಎಂದುಕೊಂಡೆ. ಅವಳ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ಅಮ್ಮ ಅದಕ್ಕೂ ಒಳ್ಳೆಯ ಅರ್ಥವನ್ನೇ ಹಚ್ಚಿಕೊಂಡು ಮೈಸೂರುಪಾಕಿಗೆ ತುಪ್ಪ ಕಾಯಿಸಿದಳು.

ಅವರು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಹುಡುಗ, ಅವನ ತಂದೆತಾಯಿ, ಸೋದರಮಾವ. ಉಪ್ಪಿಟ್ಟು ಆಯಿತು, ಮೈಸೂರುಪಾಕು ಆಯಿತು, ಕಾಫಿ ಆಯಿತು. ಅಕ್ಕ ಅಮ್ಮನ ರೇಷ್ಮೆ ಸೀರೆ ಉಟ್ಟು ಚಾಪೆಯ ಅಂಚಿನಲ್ಲಿ ಕೂತಿದ್ದಳು. ಕೇಳಿದ್ದಕ್ಕೆಲ್ಲ ಹೂಂ, ಉಹೂಂ ಎಂದಳು. ಹುಡುಗನ ತಾಯಿಗೆ ಅವಳು ಹಿಡಿಸಿದ್ದು ಕಣ್ಣಲ್ಲೇ ಕಾಣುತ್ತಿತ್ತು. ಹುಡುಗನ ಮಾವ ಹಾಳೆಯನ್ನು ಕೈಗೆ ತೆಗೆದುಕೊಂಡು, "ಜಾತಕವಂತೂ ಕಂಪ್ಯೂಟರೇ ಕೂಡಿಸಿಬಿಟ್ಟಿದೆ. ಇನ್ನು ನಮ್ಮದೇನೂ ಆಕ್ಷೇಪಣೆ ಇಲ್ಲ. ತಾವು ಹೂಂ ಅಂದರೆ ಲಗ್ನ ನೋಡಬಹುದು" ಎಂದು ಅಪ್ಪನ ಕಡೆ ತಿರುಗಿದರು. ಅಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

ಅಪ್ಪ ಹಾಳೆ ಇಸಿದುಕೊಂಡರು. ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಎರಡು ಜಾತಕಗಳನ್ನೂ ತರಿಸಿ, ಬಿಡಿಸಿ, ಅಕ್ಕಪಕ್ಕ ಇಟ್ಟುಕೊಂಡು ಬೆರಳು ಮಡಚಿ ಎಣಿಸಿದರು. ಅಕ್ಕ ತಲೆ ಎತ್ತಿದಳು. ಅಪ್ಪ ಅವಳ ಮುಖವನ್ನು ಒಂದು ಸಲ ನೋಡಿ, ಹಾಳೆಯನ್ನು ಕೆಳಗಿಟ್ಟರು.

"ಕ್ಷಮಿಸಬೇಕು. ಇದರಲ್ಲಿ ತಪ್ಪಿದೆ. ಕೂಡುವುದಿಲ್ಲ."

"ಅಯ್ಯೋ ದೇವರೇ" ಎಂದು ಅಮ್ಮನ ದನಿ ಬಂತು.

ನನಗೆ ನೆತ್ತಿಗೆ ರಕ್ತ ಏರಿತು. ತಿಂಗಳುಗಟ್ಟಲೆ ಒಂದೊಂದು ನಿಯಮವನ್ನೂ ಅವರ ಬಾಯಿಂದಲೇ ಕೇಳಿ ಬರೆದವಳು ನಾನು. ತಪ್ಪು ಎಲ್ಲಿದೆ ತೋರಿಸಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ನನ್ನ ಕಡೆ ತಿರುಗಿ, "ಅಲ್ವೇನಮ್ಮ? ಇನ್ನೂ ಸರಿಮಾಡಬೇಕಾದ್ದು ಇದೆ ಅಂತ ನೀನೇ ಹೇಳ್ತಿದ್ದೆಯಲ್ಲ" ಎಂದರು. ಅಪ್ಪನ ದನಿ ನಡುಗುತ್ತಿತ್ತು. ಸಂಕಲ್ಪದ ಒಂದು ಅಕ್ಷರ ತಪ್ಪಿದರೂ ಮೊದಲಿಂದ ಹೇಳುವ ಮನುಷ್ಯ ಅವರು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನನ್ನ ಒಂದು ಮಾತಿನ ಮೇಲೆ ತನ್ನ ಬಾಳು ನಿಂತಿದೆ ಎಂಬ ಹಾಗೆ ನೋಡುತ್ತಿದ್ದಳು, ಮತ್ತು ಅದು ಹೌದಾಗಿತ್ತು. ಆಗ ನನಗೆ ಅರ್ಥವಾಯಿತು. ಪೂರ್ತಿ ಅರ್ಥವಾಯಿತು ಎನ್ನಲಾರೆ, ಆದರೆ ಅಷ್ಟು ಸಾಕಾಯಿತು.

"ಹೌದು. ತಪ್ಪಿದೆ" ಎಂದೆ.

ಅರಕಲಗೂಡಿನವರಿಗೆ ಬೇಸರವೇ ಆಗಲಿಲ್ಲ. "ಪರವಾಗಿಲ್ಲ ಬಿಡಮ್ಮ, ಎಷ್ಟಾದರೂ ಮಿಷಿನ್ನು. ದೊಡ್ಡವರು ಇದ್ದದ್ದಕ್ಕೆ ಆಯ್ತು" ಎಂದು ನನಗೇ ಸಮಾಧಾನ ಹೇಳಿದರು. ಇನ್ನೊಂದು ಲೋಟ ಕಾಫಿ ಕುಡಿದು, ತಾಂಬೂಲ ತೆಗೆದುಕೊಂಡು, ನಗುನಗುತ್ತಲೇ ಹೋದರು.

ಅಮ್ಮ ಮುಸುಕೆಳೆದುಕೊಂಡು ಮಲಗಿಬಿಟ್ಟಳು. ಅಕ್ಕ ಸೀರೆ ಬದಲಾಯಿಸಿ ಹಿತ್ತಲಲ್ಲಿ ಲೋಟ ತೊಳೆಯುತ್ತಿದ್ದಳು. ನಾನು ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಆ ಹುಡುಗ ಯಾಕೆ ಬೇಡವಾದ?"

"ಆ ಹುಡುಗ ಅಂತಲ್ಲ. ನನಗೆ ಮದುವೆಯೇ ಬೇಡ ಕಣೇ."

"ಯಾಕೆ?"

"ಯಾಕೆ ಅಂದ್ರೆ? ಬೇಡ. ಶಾಲೆ ಇದೆ, ಈ ಮನೆ ಇದೆ, ನನಗೆ ಹೀಗೇ ಚೆನ್ನಾಗಿದೆ. ಇದನ್ನ ಹೇಳಿದ್ರೆ ಅಮ್ಮ ಬಾವಿಗೆ ಬೀಳ್ತೀನಿ ಅಂತಾಳೆ, ಊರವರು ಇಲ್ಲದ್ದು ಕಟ್ಟುತ್ತಾರೆ. ಹಾಗಂತ ಅಪ್ಪ..." ಎಂದು ಅರ್ಧಕ್ಕೆ ನಿಲ್ಲಿಸಿದಳು.

"ಅಪ್ಪ ಅಷ್ಟು ಜಾತಕಗಳನ್ನೂ ಸುಳ್ಳು ಹೇಳಿ ವಾಪಸು ಮಾಡಿದರಾ?"

"ಅಪ್ಪನ ಬಾಯಲ್ಲಿ ಸುಳ್ಳು ಬರತ್ತೇನೇ?" ಅಕ್ಕನಿಗೆ ಸಿಟ್ಟು ಬಂತು. "ಯಾರದ್ದೇ ಬರಲಿ, ಬಿಡಿಸೋಕೆ ಮುಂಚೆ ನನ್ನ ಕೇಳೋರು. 'ನೋಡ್ಲಾ ಮಗಳೇ?' ಅನ್ನೋರು. ನಾನು ಬೇಡ ಅಂದ್ರೆ ಬಿಡಿಸ್ತಲೇ ಇರಲಿಲ್ಲ. ಬಿಡಿಸದೇ ಇದ್ದದ್ದು ಹೇಗೆ ಕೂಡಿಬರತ್ತೆ? ಕೂಡಿಬರಲಿಲ್ಲ ಅಂತ ಅಷ್ಟೇ ಹೇಳೋರು. ಬಿಡಿಸಿ ನೋಡಿ, ಕೂಡಿದ್ದನ್ನ ಕೂಡಲ್ಲ ಅಂದದ್ದು ಇವತ್ತೇ."

ಅವಳು ಬೆನ್ನು ತಿರುಗಿಸಿ ಲೋಟಗಳನ್ನು ಬೋರಲು ಹಾಕತೊಡಗಿದಳು. ಅಳುತ್ತಿದ್ದಳೆಂದು ಭುಜದಿಂದ ಗೊತ್ತಾಯಿತು. ನನಗೂ ಅಳು ಬಂತು, ಅದರ ಜೊತೆಗೇ ಕೆಟ್ಟ ಕೋಪವೂ ಬಂತು. ಇಬ್ಬರೂ ಒಂದೇ ಒಂದು ಮಾತು ನನಗೆ ಹೇಳಬಾರದಿತ್ತೇ? ಹೇಳಿದ್ದರೆ ನಾನು ಅದನ್ನು ಎಲ್ಲಿ ಬರೆದುಕೊಳ್ಳುತ್ತಿದ್ದೆ, ಯಂತ್ರಕ್ಕೆ ಹೇಗೆ ಕೊಡುತ್ತಿದ್ದೆ ಎಂಬುದು ಮಾತ್ರ ನನಗೆ ತೋಚಲಿಲ್ಲ. ಅಂದು ಅಪ್ಪ ಊಟಕ್ಕೆ ಏಳಲಿಲ್ಲ. ದೇವರ ಮನೆಯ ಹೊಸ್ತಿಲ ಹೊರಗೇ ಕೂತಿದ್ದರು, ಒಳಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹಾಸನಕ್ಕೆ ಹೊರಡುವ ಹೊತ್ತಿಗೆ ಹಳ್ಳಿಮೈಸೂರು ಕಡೆಯ ಒಬ್ಬ ರೈತರು ಬಂದರು. ವರ್ಷಗಳಿಂದ ಅಪ್ಪನ ಹತ್ತಿರವೇ ಬರುತ್ತಿದ್ದವರು. ಅವರ ದೊಡ್ಡ ಮಗಳ ಜಾತಕ ಕೂಡಿಸಿದ್ದೂ ಅಪ್ಪನೇ. ಈಗ ಚಿಕ್ಕವಳದ್ದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಅಪ್ಪ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ನಾನು ನೋಡುವುದನ್ನು ಬಿಟ್ಟೆ."

"ಅಂಗಂದ್ರೆ ಎಂಗೆ ಸ್ವಾಮಿ? ನಿಮ್ಮನ್ನ ಬುಟ್ಟು ಯಾರತ್ರ ಓಗಾನ?"

"ಇದ್ದದ್ದನ್ನು ಇಲ್ಲ ಅಂದ ಮೇಲೆ ಇನ್ನು ನೋಡಬಾರದು" ಎಂದರು ಅಪ್ಪ, ಅವರಿಗಲ್ಲ, ತಮಗೇ ಹೇಳಿಕೊಳ್ಳುವಂತೆ. ಬಾಗಿಲ ಹಿಂದೆ ಅಕ್ಕನ ಬಳೆ ಸದ್ದು ನಿಂತಿತು. ಶಾಲೆಗೆ ಹೊರಟವಳು ಅಲ್ಲೇ ನಿಂತುಬಿಟ್ಟಿದ್ದಳು. ಅಪ್ಪ ನನ್ನ ಕಡೆ ಕೈ ತೋರಿಸಿದರು. "ನನಗೆ ಗೊತ್ತಿದ್ದದ್ದೆಲ್ಲ ಇವಳಿಗೆ ಕೊಟ್ಟಿದ್ದೀನಿ. ಇವಳ ಹತ್ತಿರ ನೋಡಿಸಿ."

ಆಮೇಲೆ ಅವರು ಬದುಕಿದ್ದಷ್ಟು ಕಾಲವೂ ಯಾರ ಜಾತಕವನ್ನೂ ಮುಟ್ಟಲಿಲ್ಲ.

ರೈತರು ಅನುಮಾನಿಸುತ್ತಲೇ ಟವೆಲಿನ ಗಂಟನ್ನು ನನ್ನ ಮುಂದೆ ಹಿಡಿದರು. ನಾನು ಇಸಿದುಕೊಂಡೆ. ಬಿಚ್ಚಲು ಕೈ ಬರಲಿಲ್ಲ.

"ಮಗಳನ್ನ ಕೇಳಿದ್ದೀರಾ?" ಎಂದೆ.

ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಒಮ್ಮೆ ಅಪ್ಪನ ಕಡೆ, ಒಮ್ಮೆ ನನ್ನ ಕಡೆ ನೋಡಿದರು.

"ಏನ್ನವ್ವಾ ಕೇಳಾದು?" ಎಂದರು.